ಚಿತ್ರಕಥೆಯ ಮುಂದಿನ ಸಂಚಿಕೆ: ಕೊಳ್ಳುವುದನ್ನು ಎಲ್ಲಿ ನಿಲ್ಲಿಸಬೇಕು?

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಂಗಡಿಯ ಗಾದಿಯ ಮೇಲೆ ಅಜ್ಜನ ಪಕ್ಕದಲ್ಲಿ ಕುಳಿತೇ ಅದನ್ನು ಕಲಿತುಬಿಡುತ್ತದೆ. ಆದರೆ ಕೊಳ್ಳುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹಿರಿಯರು ಕಲಿಸಬೇಕಾಗುತ್ತದೆ. ಸಾಂಗಲಿಯ ಪೇಟೆಯಲ್ಲಿ ಅರಿಶಿನ, ಬೆಲ್ಲ, ಒಣದ್ರಾಕ್ಷಿಯ ಅಡತಿ ನಡೆಸುವ ನಮ್ಮ ಶ್ರಾವಕ ಬಂಧುಗಳಿಗೆ ಈ ಮಾತು ಹೊಸದಲ್ಲ. ಲಿಲಾವಿನಲ್ಲಿ ಕೈ ಎತ್ತುವುದು ಸುಲಭ, ಕೈ ಇಳಿಸುವುದು ಕಷ್ಟ. ಇಳಿಸಲು ಬಾರದವನ ಖಾತೆ ದೀಪಾವಳಿ ಪಾಡ್ಯಕ್ಕೆ ಏನಾಗಿರುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ.

ಈ ಪಾಠವನ್ನು ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ, ದೊಡ್ಡ ನಷ್ಟವಿಲ್ಲದೆ ಕಲಿಸಲು ಮನೆಯಲ್ಲಿಯೇ ಒಂದು ಅವಕಾಶವಿದೆ. ಅದು ಮಕ್ಕಳು ತಿಂಗಳು ತಿಂಗಳೂ ತರಿಸುವ ಚಿತ್ರಕಥೆಗಳ ಮಾಲಿಕೆ. ಮಿರಜ ಜಂಕ್ಷನ್ನಿನ ಪುಸ್ತಕದ ಗಾಡಿಯಿಂದ ಒಂದೊಂದಾಗಿ ಕೊಂಡು ತಂದ ಕಾಲವೂ ಇತ್ತು. ಈಗ ಮೊಬೈಲಿನಲ್ಲಿ ಬೆರಳು ಒತ್ತಿದರೆ ಮೂರನೆಯ ದಿನ ಮನೆ ಬಾಗಿಲಿಗೆ ಪೆಟ್ಟಿಗೆ ಬರುತ್ತದೆ. ದಾರಿ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಮುಂದಿನ ಸಂಚಿಕೆ ಬೇಕೋ, ಬೇಡವೋ?

ಮುಗಿಯುವ ಮಾಲಿಕೆ, ಮುಗಿಯದ ಮಾಲಿಕೆ

ನಮ್ಮ ಪುರಾಣಕಾರರು ಸಂಖ್ಯೆಯನ್ನು ಮೊದಲೇ ಹೇಳಿ ಕಥೆ ಆರಂಭಿಸಿದರು. 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು. ಒಟ್ಟು 63 ಶಲಾಕಾಪುರುಷರು. ಜಿನಸೇನಾಚಾರ್ಯರು ಮಹಾಪುರಾಣವನ್ನು ಪೂರ್ಣಗೊಳಿಸಲಾಗದೆ ಹೋದಾಗ ಅವರ ಶಿಷ್ಯ ಗುಣಭದ್ರಾಚಾರ್ಯರು ಅದನ್ನು ಮುಂದುವರಿಸಿ ಮುಗಿಸಿದರು. ಎಲ್ಲಿಗೆ ಮುಗಿಸಬೇಕು ಎಂಬುದು ಅವರಿಗೆ ತಿಳಿದಿತ್ತು. ಬೇತಾಳನ ಕಥೆಗಳಿಗೂ ಸಂಸ್ಕೃತ ಮೂಲದಲ್ಲಿ 25 ಎಂಬ ಮಿತಿಯಿದೆ. ಕೊನೆಯ ಪ್ರಶ್ನೆಗೆ ಅರಸನು ಉತ್ತರ ತಿಳಿಯದೆ ಮೌನವಾಗುತ್ತಾನೆ, ಅಲ್ಲಿಗೆ ಹೆಣ ಹೊರುವ ಕೆಲಸವೂ ಮುಗಿಯುತ್ತದೆ.

ಅದೇ ಬೇತಾಳನು ಪತ್ರಿಕೆಗೆ ಬಂದಾಗ ಏನಾಯಿತು ನೋಡಿ. 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಚಂದಮಾಮ 1949ರಲ್ಲಿ ಕನ್ನಡಕ್ಕೂ, 1952ರಲ್ಲಿ ಚಾಂದೋಬಾ ಎಂಬ ಹೆಸರಿನಿಂದ ಮರಾಠಿಗೂ ಬಂದಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎನ್ನುವ ನಮ್ಮ ಕಡೆಯ ಕುಟುಂಬಗಳಿಗೆ ಎರಡೂ ಒಗ್ಗುವಂತಿದ್ದವು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದ ವಿಕ್ರಮನ ಚಿತ್ರವನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಅವರ ವಿಕ್ರಮನು 25 ಕಥೆಗಳಿಗೆ ನಿಲ್ಲಲಿಲ್ಲ. ತಿಂಗಳಿಗೊಂದರಂತೆ ನೂರಾರು ಸಲ ಮರ ಹತ್ತಿ ಇಳಿದನು. ಪತ್ರಿಕೆ 1998ರಲ್ಲಿ ನಿಂತು, ಮರುವರ್ಷ ಪುನಃ ಆರಂಭವಾಗಿ, 2013ರ ಹೊತ್ತಿಗೆ ಪೂರ್ತಿಯಾಗಿ ನಿಂತುಹೋಯಿತು. ಕಥೆ ಮುಗಿದು ಪತ್ರಿಕೆ ನಿಲ್ಲಲಿಲ್ಲ, ಪತ್ರಿಕೆ ನಿಂತಿದ್ದರಿಂದ ಕಥೆ ನಿಂತಿತು.

ಇದರಲ್ಲಿ ಪ್ರಕಾಶಕರ ತಪ್ಪೇನೂ ಇಲ್ಲ. ಮಾಲಿಕೆ ನಡೆಯುವವರೆಗೆ ನಡೆಸುವುದು ಅವರ ವ್ಯಾಪಾರ. ಆದರೆ ಮಿತಿ ಹಾಕಿಕೊಳ್ಳುವುದು ಕೊಳ್ಳುವವನ ಕೆಲಸ. ಎದುರಿನ ಅಂಗಡಿಯವನು ಬಾಗಿಲು ಹಾಕುವ ತನಕ ನಾವು ಕೊಳ್ಳುತ್ತಲೇ ಇರುವುದು ವಿವೇಕವಲ್ಲ.

ಇಲ್ಲದ ಸಂಚಿಕೆಯ ಹುಡುಕಾಟ

ಮಾಲಿಕೆಯನ್ನು ಬಿಡಲಾಗದಂತೆ ಮಾಡುವುದು ಅನೇಕ ಸಲ ಕಥೆಯಲ್ಲ, ಬೆನ್ನಿನ ಮೇಲಿನ ಸಂಖ್ಯೆ. 41, 42, 44 ಎಂದು ಸಾಲಾಗಿ ಇಟ್ಟಾಗ 43 ಇಲ್ಲದ್ದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಆ ಜಾಗ ತುಂಬಬೇಕೆಂಬ ಆಸೆ ಓದಬೇಕೆಂಬ ಆಸೆಗಿಂತ ಬಲವಾಗಿಬಿಡುತ್ತದೆ.

ಇಂದ್ರಜಾಲ ಕಾಮಿಕ್ಸ್ ಹಿರಿಯ ಓದುಗರಿಗೆ ನೆನಪಿರಬಹುದು. 1964ರ ಮಾರ್ಚಿನಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಆರಂಭಿಸಿದ ಈ ಮಾಲಿಕೆಯಲ್ಲಿ ಮರಾಠಿಯವರು ವೇತಾಳ ಎಂದು ಕರೆದ ಫ್ಯಾಂಟಮ್, ಜಾದೂಗಾರ ಮ್ಯಾಂಡ್ರೇಕ್, ಆಮೇಲೆ ನಮ್ಮ ದೇಶದವನೇ ಆದ ಬಹಾದೂರ್ ಬಂದರು. 1990ರಲ್ಲಿ ನಿಂತಾಗ ಕೊನೆಯ ಸಂಖ್ಯೆ 805. ಆದರೆ ಮುದ್ರಣವಾದ ಸಂಚಿಕೆಗಳು 803 ಮಾತ್ರ. ಮುಷ್ಕರದ ಕಾರಣ 123 ಮತ್ತು 124 ಅಚ್ಚಾಗಲೇ ಇಲ್ಲ. ಈ ಸಂಗತಿ ತಿಳಿಯದವನು ರದ್ದಿ ಅಂಗಡಿಗಳನ್ನೆಲ್ಲ ಜಾಲಾಡಿದರೂ ಅವನಿಗೆ ಅವು ದೊರೆಯಲಾರವು. ಎಲ್ಲವನ್ನೂ ಕೂಡಿಸಿದವನ ಕಪಾಟಿನಲ್ಲಿಯೂ ಎರಡು ಸಂಖ್ಯೆ ಖಾಲಿಯೇ.

ಅಮರ ಚಿತ್ರಕಥೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಅದರ ಪ್ರಸಿದ್ಧ ಸಂಪಾದಕ ಅನಂತ ಪೈ ಅವರು ಗೊಮ್ಮಟನ ಊರಾದ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಆದರೆ ಅವರಿಗಿಂತ ಮೊದಲು, 1965ರಲ್ಲಿಯೇ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಸೂಚನೆಯಂತೆ ಈ ಹೆಸರಿನ ಮೊದಲ ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು. ಅವು ಸಿಂಡರೆಲ್ಲಾ ಮುಂತಾದ ಹತ್ತು ಪಾಶ್ಚಾತ್ಯ ಕಥೆಗಳು. ಆದಕಾರಣ ಅನಂತ ಪೈ ಅವರ ಮೊದಲ ಪುಸ್ತಕ ‘ಕೃಷ್ಣ’ನಿಗೆ ಸಿಕ್ಕ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಹೋದವು ಎಂದು ಹುಡುಕಿದವರು ಎಷ್ಟೋ ಮಂದಿ. ನಾಲ್ಕು ನೂರಕ್ಕೂ ಮಿಕ್ಕಿ ಪುಸ್ತಕಗಳಾದ ಮೇಲೆ ಹಳೆಯ ಕಥೆಗಳೇ ದಪ್ಪ ರಟ್ಟು ತೊಟ್ಟು 501ರಿಂದ ಹೊಸ ಸಂಖ್ಯೆಯೊಡನೆ ಮರಳಿ ಬಂದವು. ಕಥೆಗಾಗಿ ಕೊಂಡವನು ಹಳೆಯದನ್ನೇ ಓದಿಕೊಂಡನು. ಸಂಖ್ಯೆಗಾಗಿ ಕೊಂಡವನು ಮನೆಯಲ್ಲಿದ್ದ ಕಥೆಯನ್ನೇ ಎರಡನೆಯ ಸಲ ಹಣ ಕೊಟ್ಟು ತಂದನು.

ಭೋಗ, ಉಪಭೋಗ ಮತ್ತು ಬರಿಯ ಪರಿಗ್ರಹ

ಹಾಗಾದರೆ ನಿಲ್ಲಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ಅಳತೆಗೋಲನ್ನು ಹೊರಗೆ ಹುಡುಕಬೇಕಾಗಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ಹೇಳಿದ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿ ಬಿಡುವುದು ಭೋಗ: ಊಟ, ಹೂವು, ಗಂಧ. ಮತ್ತೆ ಮತ್ತೆ ಬಳಸುವುದು ಉಪಭೋಗ: ಬಟ್ಟೆ, ಆಭರಣ. ಎರಡಕ್ಕೂ ಮಿತಿ ಇರಬೇಕು ಎಂಬುದೇ ವ್ರತ.

ಚಿತ್ರಕಥೆಯ ಪುಸ್ತಕವನ್ನು ಈ ಮಾತಿನಿಂದ ಅಳೆದು ನೋಡಿ. ಮಗು ನಾಲ್ಕು ಸಲ ಓದಿ, ತಂಗಿಗೆ ಓದಿ ಹೇಳಿ, ಊಟದ ಹೊತ್ತಿಗೆ ಅದರ ಮಾತನ್ನೇ ಆಡುತ್ತಿದ್ದರೆ ಅದು ಉಪಭೋಗ. ಆ ಹಣ ವ್ಯರ್ಥವಾಗಲಿಲ್ಲ, ನಿಲ್ಲಿಸುವ ಕಾರಣವೂ ಇಲ್ಲ. ಒಮ್ಮೆ ಓದಿ ಬದಿಗಿಟ್ಟರೆ ಅದು ಭೋಗ. ಅಂಥ ಪುಸ್ತಕವನ್ನು ಕೊಳ್ಳುವ ಬದಲು ವಾಚನಾಲಯದಿಂದ ತಂದರೆ ಸಾಕು, ಗೆಳೆಯರು ಅದಲುಬದಲು ಮಾಡಿಕೊಂಡರೂ ಸಾಕು. ಬಂದ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಸಾಲಿಗೆ ಸೇರಿಸಿಟ್ಟರೆ ಅದು ಭೋಗವೂ ಅಲ್ಲ, ಉಪಭೋಗವೂ ಅಲ್ಲ, ಬರಿಯ ಪರಿಗ್ರಹ. ವಸ್ತುವಿಗಿಂತ ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ನಿಲ್ಲಿಸಬೇಕಾದ ಹೊತ್ತು ಇದೇ.

ಒಂದು ಸಂಚಿಕೆಯನ್ನು ನೋಡಿ ತೀರ್ಮಾನಿಸುವುದು ಬೇಡ. ಪರೀಕ್ಷೆಯ ತಿಂಗಳಲ್ಲಿ ಯಾವ ಮಗುವೂ ಓದಲಿಕ್ಕಿಲ್ಲ. ಒಂದರ ಹಿಂದೊಂದು ಮೂರು ಸಂಚಿಕೆಗಳು ಹಾಗೆಯೇ ಬಿದ್ದಿದ್ದರೆ ಮಾತು ತೆಗೆಯಬಹುದು.

ಈ ಅಳತೆ ಧಾರ್ಮಿಕ ಚಿತ್ರಕಥೆಗಳಿಗೂ ಸಲ್ಲುತ್ತದೆ ಎಂದರೆ ಕೆಲವರಿಗೆ ಇರುಸುಮುರುಸಾಗಬಹುದು. ಅಮರ ಚಿತ್ರಕಥೆಯಲ್ಲಿ ‘ಮಹಾವೀರ’ ಬಂದಿದೆ. ಆಗ್ರಾದ ದಿವಾಕರ ಪ್ರಕಾಶನ ಜೈನ ಕಥೆಗಳ ಚಿತ್ರಮಾಲೆಯನ್ನೇ ಹೊರತಂದಿದೆ. ಇಂಥವನ್ನು ಮಕ್ಕಳಿಗೆ ಕೊಡಿಸುವುದು ಒಳ್ಳೆಯದೇ. ಆದರೆ ‘ಧರ್ಮದ್ದು, ಬರಲಿ’ ಎಂದು ಕಟ್ಟುಗಟ್ಟಲೆ ತರಿಸಿ, ಯಾರೂ ತೆರೆಯದೆ, ಕೊನೆಗೆ ಚಪ್ಪಲಿಯ ಗೂಡಿನ ಮೇಲೆ ಧೂಳು ತಿನ್ನಲು ಬಿಟ್ಟರೆ ಅದು ಶಾಸ್ತ್ರಕ್ಕೆ ಅವಿನಯವೇ ಹೊರತು ಪುಣ್ಯವಲ್ಲ. ಒಂದು ತಂದು, ತಾಯಿ ಅಥವಾ ಅಜ್ಜಿ ಮಗುವಿನ ಜೊತೆಗೆ ಕುಳಿತು ಓದಿ, ಆಮೇಲೆ ಇನ್ನೊಂದು ತರಿಸುವುದೇ ಕ್ರಮ.

ಹೊಡೆದಾಟ, ರಕ್ತಪಾತವೇ ತುಂಬಿದ ಪುಸ್ತಕಗಳ ಮಾತು ಬೇರೆ. ಅಲ್ಲಿ ಮೂರು ಸಂಚಿಕೆ ಕಾಯುವ ಅಗತ್ಯವಿಲ್ಲ. ಪಾಲಕರು ತಾವೇ ಓದಿ ನೋಡಿ, ಬೇಡವೆಂದರೆ ಬೇಡವೆನ್ನಬೇಕು. ಆದರೆ ಓದದೆ, ರಟ್ಟು ನೋಡಿಯೇ ತೀರ್ಪು ಕೊಟ್ಟರೆ ಮಕ್ಕಳು ಒಪ್ಪುವುದಿಲ್ಲ. ಒಪ್ಪದಿರುವುದು ತಪ್ಪೂ ಅಲ್ಲ.

ಮೊದಲು ನಿಯಮ, ಆಮೇಲೆ ಯಮ

ಅದೇ ಗ್ರಂಥದಲ್ಲಿ ತ್ಯಾಗದ ಎರಡು ರೀತಿಗಳಿವೆ. ಕಾಲದ ಗಡುವು ಇಟ್ಟು ಬಿಡುವುದು ನಿಯಮ, ಜೀವಮಾನಪರ್ಯಂತ ಬಿಡುವುದು ಯಮ. ಮಕ್ಕಳ ಮಟ್ಟಿಗೆ ನಿಯಮವೇ ಸರಿಯಾದ ದಾರಿ. ‘ಇನ್ನು ಮುಂದೆ ಎಂದಿಗೂ ಇಲ್ಲ’ ಎಂದರೆ ಮಗು ಅಳುತ್ತದೆ ಅಥವಾ ಕದ್ದು ತರುತ್ತದೆ. ‘ದಶಲಕ್ಷಣ ಪರ್ವದಿಂದ ದೀಪಾವಳಿಯವರೆಗೆ ಹೊಸದು ಬೇಡ, ಇದ್ದದ್ದನ್ನು ಓದೋಣ’ ಎಂದರೆ ಒಪ್ಪುತ್ತದೆ. ಗಡುವು ಮುಗಿದಾಗ ಮಗು ತಾನಾಗಿ ಕೇಳಿದರೆ ಆಸೆ ನಿಜವಾದದ್ದು, ಮುಂದುವರಿಸಿ. ಕೇಳಲು ಮರೆತರೆ ಮಾಲಿಕೆ ತಾನಾಗಿಯೇ ಮುಗಿಯಿತು.

ಇನ್ನೂ ಮೂರು ಮಾತು ನೆನಪಿಡಬೇಕು. ಒಂದು, ಕಥೆಯ ನಡುವೆ ನಿಲ್ಲಿಸಬಾರದು. ‘ಮುಂದಿನ ಸಂಚಿಕೆಯಲ್ಲಿ’ ಎಂದು ನಾಯಕನು ಬಾವಿಯಲ್ಲಿ ತೂಗಾಡುತ್ತಿರುವಾಗ ತಂದೆ ಕೈಬಿಟ್ಟರೆ ಮಗು ಅದನ್ನು ಬಹುಕಾಲ ಮರೆಯುವುದಿಲ್ಲ. ಆ ಕಥೆ ಮುಗಿಯುವ ಸಂಚಿಕೆಯನ್ನೇ ಕೊನೆಯದೆಂದು ಗೊತ್ತುಮಾಡಿ. ಎರಡು, ಹಲವು ವರ್ಷಗಳ ಚಂದಾ ಒಮ್ಮೆಗೇ ಕಟ್ಟಬೇಡಿ. ರಿಯಾಯಿತಿ ಕಂಡು ಕಟ್ಟಿದವನಿಗೆ ನಿಲ್ಲಿಸುವ ಸ್ವಾತಂತ್ರ್ಯವೇ ಉಳಿಯುವುದಿಲ್ಲ. ಮೂರು, ಲೆಕ್ಕವನ್ನು ಮಗುವೇ ಬರೆಯಲಿ.

ಈ ಮೂರನೆಯ ಮಾತಿಗೆ ಉದಾಹರಣೆ ಬೇಕಾದರೆ ಈಗಿನ ಮಕ್ಕಳ ಜಪಾನೀ ಮಾಂಗಾ ಪುಸ್ತಕಗಳನ್ನೇ ತೆಗೆದುಕೊಳ್ಳೋಣ. ‘ನರುಟೊ’ 1999ರಲ್ಲಿ ಆರಂಭವಾಗಿ 2014ರಲ್ಲಿ 72 ಸಂಪುಟಗಳಿಗೆ ಮುಗಿಯಿತು. ಸಂಪುಟಕ್ಕೆ 400 ರೂಪಾಯಿ ಎಂದು ಹಿಡಿದರೆ 28,800 ರೂಪಾಯಿ. ದೊಡ್ಡ ಮೊತ್ತವೇ, ಆದರೆ ಕೊನೆ ಕಾಣುವ ಮೊತ್ತ. ‘ಒನ್ ಪೀಸ್’ 1997ರಿಂದ ನಡೆದೇ ಇದೆ, ನೂರು ಸಂಪುಟಗಳನ್ನು ದಾಟಿದೆ. ಅಲ್ಲಿ 40,000 ರೂಪಾಯಿಯ ಮೇಲೆ ಎಷ್ಟು ಎಂಬುದನ್ನು ಯಾರೂ ಬರೆಯಲಾರರು. ಒಂದು ಸಣ್ಣ ಕಿರ್ದಿ ಪುಸ್ತಕ ಕೊಟ್ಟು ತಾರೀಖು, ಬೆಲೆ, ಎಷ್ಟು ಸಲ ಓದಿದೆ ಎಂಬ ಮೂರು ಕಾಲಮ್ಮು ಹಾಕಿಸಿ. ತಂದೆ ಹೇಳುವ ಹತ್ತು ಬುದ್ಧಿವಾದಕ್ಕಿಂತ ಆ ಮೂರನೆಯ ಕಾಲಮ್ಮು ಹೆಚ್ಚು ಹೇಳುತ್ತದೆ. ಅದನ್ನು ನೋಡಿ ಮಗುವೇ ‘ಇನ್ನು ಸಾಕು’ ಎಂದರೆ, ಆ ಮನೆಯ ವ್ಯಾಪಾರ ಮುಂದೆ ಯಾರ ಕೈಗೆ ಹೋಗುತ್ತದೆ ಎಂಬ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂದೇ ತಿಳಿಯಬಹುದು.

ಇಟ್ಟರೆ ಬೆಲೆ ಬರುವುದಿಲ್ಲವೇ?

ವ್ಯಾಪಾರಿಗಳಾದ ನಮಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹರಿಪುರದ ಪೇವುಗಳಲ್ಲಿ ಅರಿಶಿನ ತುಂಬಿಟ್ಟು ಧಾರಣೆಗಾಗಿ ಕಾದವರ ವಂಶ ನಮ್ಮದು. ಹಳೆಯ ಇಂದ್ರಜಾಲಗಳಿಗೆ ಇಂದು ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುವುದೂ ನಿಜ. ಆದರೆ ಆ ಬೆಲೆ ಬಂದದ್ದು ಅಂದಿನ ಮಕ್ಕಳು ಅವನ್ನು ಹರಿದು, ಹಂಚಿ, ರದ್ದಿಗೆ ಹಾಕಿ ಮುಗಿಸಿದ್ದರಿಂದ. ಎಲ್ಲರೂ ಜೋಪಾನವಾಗಿ ಇಟ್ಟ ಮಾಲಿಗೆ ತೇಜಿ ಬರುವುದಿಲ್ಲ. ಅದೂ ಅಲ್ಲದೆ ಅರಿಶಿನ ಕೊಳ್ಳುವವನು ಪ್ರತಿದಿನ ಪೇಟೆಗೆ ಬರುತ್ತಾನೆ, ಹಳೆಯ ಚಿತ್ರಕಥೆ ಕೊಳ್ಳುವವನು ಬರುವುದಿಲ್ಲ.

ಕಾಗದಕ್ಕೆ ಇನ್ನೊಂದು ಶತ್ರುವೂ ಇದೆ. 2019ರ ಆಗಸ್ಟಿನಲ್ಲಿ ಐರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 57 ಅಡಿ ಮುಟ್ಟಿತು. ಒಂದೂವರೆ ಶತಮಾನದಷ್ಟು ಹಳೆಯದಾದ ಸಾಂಗಲಿಯ ನಗರ ವಾಚನಾಲಯಕ್ಕೆ ನೀರು ನುಗ್ಗಿ ಅಪಾರ ಗ್ರಂಥಗಳು ನಾಶವಾದವು. ಸಂಸ್ಥೆಯ ಗತಿಯೇ ಹೀಗಾದರೆ ನೆಲಮಟ್ಟದ ಕೋಣೆಯಲ್ಲಿಟ್ಟ ನಮ್ಮ ಪೆಟ್ಟಿಗೆಗಳ ಪಾಡೇನು? ಓದಿದ ಪುಸ್ತಕ ನೀರು ಪಾಲಾದರೂ ಓದಿದ್ದು ತಲೆಯಲ್ಲಿ ಉಳಿಯುತ್ತದೆ. ಓದದೆ ಕೂಡಿಟ್ಟದ್ದರಲ್ಲಿ ಉಳಿಯುವುದು ಏನೂ ಇಲ್ಲ.

ನಿಲ್ಲಿಸಿದ ಮೇಲೆ

ಮಾಲಿಕೆ ನಿಂತ ದಿನ ಮಕ್ಕಳನ್ನು ಕೂರಿಸಿಕೊಂಡು ಕಪಾಟು ಖಾಲಿ ಮಾಡಿ. ಪುನಃ ಓದಬೇಕೆನಿಸುವ ಹತ್ತನ್ನೋ ಇಪ್ಪತ್ತನ್ನೋ ಮಗುವೇ ಆರಿಸಿ ಇಟ್ಟುಕೊಳ್ಳಲಿ. ಉಳಿದದ್ದು ಜ್ಞಾನದಾನಕ್ಕೆ. ಪ್ರವಾಹದಲ್ಲಿ ಪುಸ್ತಕ ಕಳೆದುಕೊಂಡ ಶಾಲೆಗಳಿವೆ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ವಿದ್ಯಾರ್ಥಿನಿಲಯಗಳಿವೆ. ಕುಂಭೋಜ ಬಾಹುಬಲಿಯ ಗುರುಕುಲವಿದೆ. ಮೊದಲು ಕೇಳಿ, ಬೇಕೆಂದವರಿಗೇ ಕೊಡಿ. ಹರಿದದ್ದನ್ನು ಅಂಟಿಸಿ ಕೊಡಿ, ಕಸವನ್ನು ದಾನವೆಂದು ಕೊಡಬೇಡಿ. ಸಾಧ್ಯವಾದರೆ ಮಗುವಿನ ಕೈಯಿಂದಲೇ ಕೊಡಿಸಿ. ತನ್ನ ಪುಸ್ತಕವನ್ನು ಇನ್ನೊಬ್ಬ ಹುಡುಗ ಆಗಲೇ ಬಿಚ್ಚಿ ಓದತೊಡಗುವುದನ್ನು ಅದು ಕಣ್ಣಾರೆ ನೋಡಲಿ.

ಈ ತಿಂಗಳು ಮುಂದಿನ ಸಂಚಿಕೆಗೆ ಹಣ ಕೊಡುವ ಮುನ್ನ ಮನೆಯ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿ ನೋಡಿ: ಹೋದ ಸಂಚಿಕೆಯಲ್ಲಿ ಏನಾಯಿತು? ಉತ್ತರ ಉತ್ಸಾಹದಿಂದ ಬಂದರೆ ಸಂತೋಷದಿಂದ ಹಣ ಕೊಡಿ. ಮಗು ತಲೆ ಕೆರೆದುಕೊಂಡು ಕಪಾಟಿನತ್ತ ನೋಡಿದರೆ, ಕಿರ್ದಿ ಪುಸ್ತಕ ತೆಗೆಯುವ ದಿನ ಬಂದಿತೆಂದು ತಿಳಿಯಿರಿ.