ಡಬ್ಬಿಯಲ್ಲಿ ಉಳಿದ ಹನ್ನೊಂದು ಮಾತ್ರೆಗಳು

ಕಳೆದ ವರ್ಷದ ರಮಝಾನ್‌ನ ಮೊದಲ ವಾರ. ತರಾವೀಹ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಒಬ್ಬರು ನನ್ನನ್ನು ಬದಿಗೆ ಕರೆದರು. “ಉಸ್ತಾದೇ, ನನ್ನ ಒಬ್ಬ ಸ್ನೇಹಿತನಿಗೆ ದಿನಾ ಬೆಳಗ್ಗೆ ಹತ್ತು ಗಂಟೆಗೆ ಒಂದು ಮಾತ್ರೆ ಉಂಟು. ಉಪವಾಸದಲ್ಲಿ ಎಂತ ಮಾಡುವುದು?” ಅಂತ ಕೇಳಿದರು. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಉಂಟು, ಚಿಂತೆ ಬೇಡ ಅಂತ ಹೇಳಿ ನಾನು ಮನೆ ದಾರಿ ಹಿಡಿದೆ. ಹೇಳಿದ ಮಸ್‌ಅಲ ಸರಿಯೇ ಇತ್ತು. ಆದರೆ ಅದು ಯಾವ ಮಾತ್ರೆ, ಬಿಟ್ಟರೆ ಏನಾಗುತ್ತದೆ ಅಂತ ನಾನು ಕೇಳಲೇ ಇಲ್ಲ.

ಪೆರ್ನಾಲ್ ಕಳೆದ ಮೇಲೆ ಅವರೇ ಮನೆಗೆ ಬಂದರು. ಬಾಗಿಲು ಹಾಕಿಸಿ ಮೆಲ್ಲಗೆ ಹೇಳಿದರು. ಸ್ನೇಹಿತ ಅಂದದ್ದು ಅವರನ್ನೇ. ಗಲ್ಫಿನಲ್ಲಿ ವೀಸಾ ನವೀಕರಣಕ್ಕೆ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಉಂಟು ಅಂತ ಗೊತ್ತಾಗಿ ಕೆಲಸ ಬಿಟ್ಟು ಊರಿಗೆ ಬಂದವರು. ಮನೆಯಲ್ಲಿ ಹೆಂಡತಿಗೆ ಮಾತ್ರ ವಿಷಯ ಗೊತ್ತು. “ಉಪವಾಸ ಬಿಟ್ಟರೆ ಉಮ್ಮ ಕೇಳ್ತಾರೆ, ತಮ್ಮಂದಿರು ಕೇಳ್ತಾರೆ. ಹಾಗಾಗಿ ಉಪವಾಸ ಹಿಡಿದೆ, ಮಾತ್ರೆ ಬಿಟ್ಟೆ” ಅಂದರು. ನನ್ನ ಎದೆ ಝಲ್ಲೆಂದಿತು. ನಾನು ಕೊಟ್ಟ ವಿನಾಯಿತಿ ಅವರಿಗೆ ಉಪಯೋಗಕ್ಕೇ ಬರಲಿಲ್ಲ.

ಅವರನ್ನು ಕಾಪಾಡಿದ್ದು ಎಆರ್‌ಟಿ ಕೇಂದ್ರದ ಒಬ್ಬ ಫಾರ್ಮಸಿಸ್ಟ್. ಅವರ ಒಪ್ಪಿಗೆ ಪಡೆದೇ, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಶಅಬಾನ್ ನಡೀತಾ ಉಂಟು, ಇದೇ ಪ್ರಶ್ನೆಯನ್ನು ಮನಸ್ಸಲ್ಲೇ ಇಟ್ಟುಕೊಂಡವರು ಇನ್ನೂ ಇರಬಹುದು.

ಮೊದಲು ಮದ್ದಿನ ವಿಷಯ. ನಮ್ಮ ದೇಶದಲ್ಲಿ ಸರಕಾರ ಎಚ್‌ಐವಿ ಮದ್ದನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೂ ಎಆರ್‌ಟಿ ಕೇಂದ್ರ ಉಂಟು. ಹಿಂದೆ ದಿನಕ್ಕೆ ಹಲವು ಮಾತ್ರೆ ನುಂಗಬೇಕಿತ್ತು, ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ. ಅದನ್ನು ಚಿಕ್ಕದಾಗಿ ಟಿಎಲ್‌ಡಿ ಅಂತಾರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಮದ್ದು ಒಂದೇ ಮಾತ್ರೆಯಲ್ಲಿ. ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗುತ್ತದೆ. ಹಾಗೆಯೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ಹರಡುವುದಿಲ್ಲ ಅಂತ ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ಮಧ್ಯೆ ಮಧ್ಯೆ ಬಿಟ್ಟರೆ ವೈರಸ್ ಪುನಃ ತಲೆ ಎತ್ತುತ್ತದೆ, ಮದ್ದಿಗೆ ಬಗ್ಗದ ಹಾಗೆ ಬದಲಾಗಲೂಬಹುದು. ಆಗ ಬೇರೆ ಮದ್ದು ಹುಡುಕಬೇಕು.

ಎಆರ್‌ಟಿ ಕೇಂದ್ರದಲ್ಲಿ ಡಾಕ್ಟರು, ಆಪ್ತ ಸಮಾಲೋಚಕರು, ನರ್ಸ್, ಲ್ಯಾಬಿನವರು ಎಲ್ಲ ಇರ್ತಾರೆ. ಆದರೆ ಮದ್ದು ಕೈಗೆ ಬರುವುದು ಕೊನೆಗೆ ಫಾರ್ಮಸಿಸ್ಟ್ ಕೌಂಟರಿನಲ್ಲಿ. ರೋಗಿ ಪ್ರತಿ ಸಲ ಹಳೆ ಡಬ್ಬಿ ತರಬೇಕು, ಉಳಿದ ಮಾತ್ರೆ ಎಣಿಸ್ತಾರೆ. ನೂರಕ್ಕೆ 95ಕ್ಕಿಂತ ಹೆಚ್ಚು ಮಾತ್ರೆ ತಗೊಂಡಿರಬೇಕು ಅಂತ ಲೆಕ್ಕ. ಅಂದರೆ 30 ಮಾತ್ರೆಯಲ್ಲಿ ಎರಡು ಬಿಟ್ಟರೂ ಲೆಕ್ಕ ಕೆಳಗೆ ಬಂತು. ರಮಝಾನ್ ಅರ್ಧ ಕಳೆದಾಗ ನಮ್ಮ ಈ ಸಹೋದರ ಹೋದರು. ಡಬ್ಬಿಯಲ್ಲಿ ಎರಡು ಇರಬೇಕಿತ್ತು, ಹನ್ನೊಂದು ಇತ್ತು.

ಎಣಿಸಲು ಯಾರಿಗೂ ಬರುತ್ತದೆ. ಹನ್ನೊಂದು ಕಂಡ ಮೇಲೆ ಏನು ಕೇಳಬೇಕು ಅನ್ನುವುದಕ್ಕೇ ತರಬೇತಿ ಬೇಕಾದದ್ದು. ಆ ಹೆಣ್ಮಗಳು ಬೈಯಲಿಲ್ಲ. ಸ್ವರ ತಗ್ಗಿಸಿ, “ಈ ತಿಂಗಳು ನಿಮ್ಮ ದಿನಚರಿಯಲ್ಲಿ ಏನು ಬದಲಾಯಿತು?” ಅಂತ ಮಾತ್ರ ಕೇಳಿದರು. ಆಗ ಉಪವಾಸದ ವಿಷಯ ಹೊರಗೆ ಬಂತು. ದಿನಕ್ಕೆ ಒಂದೇ ಮಾತ್ರೆ ಅಲ್ವಾ, ಇಫ್ತಾರ್ ಹೊತ್ತಿಗೆ ತಗೊಳ್ಳಿ ಅಂತ ಅಲ್ಲಿಗೇ ಮುಗಿಸಬಹುದಿತ್ತು. ಅವರು ಇನ್ನೊಂದು ಪ್ರಶ್ನೆ ಕೇಳಿದರು: “ಇಫ್ತಾರ್ ಆದ ಮೇಲೆ ಬೇರೆ ಏನಾದರೂ ಮದ್ದು ತಗೊಳ್ತೀರಾ?”

ತಗೊಳ್ತಿದ್ದರು. ಎಣ್ಣೆ ತಿಂಡಿ ತಿಂದು ಎದೆ ಉರಿ ಬರ್ತದೆ ಅಂತ ದಿನಾ ರಾತ್ರಿ ಒಂದು ಗ್ಯಾಸಿನ ಸಿರಪ್. ಇಲ್ಲೇ ಇರುವುದು ಸೂಕ್ಷ್ಮ. ಆ ಸಿರಪ್ಪಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರನ್ನು ಹಿಡಿದು ಕಟ್ಟಿ ಹಾಕುತ್ತವೆ. ಮದ್ದು ನುಂಗಿದ್ದು ಹೌದು, ಆದರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಇಂಥ ಸಿರಪ್ಪಿಗೆ ಎರಡು ಗಂಟೆ ಮೊದಲು, ಇಲ್ಲದಿದ್ದರೆ ಆರು ಗಂಟೆ ನಂತರ ಆ ಮಾತ್ರೆ ತಗೊಳ್ಳಬೇಕು. ಅವರು ಲೆಕ್ಕ ಹಾಕಿ, ಸಿರಪ್ ಬೇಕೇ ಬೇಕಾದರೆ ಮಗ್ರಿಬ್ ಬಳಿಕ, ಮಾತ್ರೆ ಸಹರಿಗೆ ಅಂತ ಚೀಟಿಯಲ್ಲಿ ಬರೆದರು. ಬಿಟ್ಟುಹೋದ ದಿನಗಳ ವಿಷಯವನ್ನು ಡಾಕ್ಟರಿಗೂ ತಿಳಿಸಿದರು. ಉಪವಾಸವೂ ನಡೆಯಿತು, ಚಿಕಿತ್ಸೆಯೂ ನಡೆಯಿತು. ಆಮೇಲಿನ ವೈರಲ್ ಲೋಡ್ ಪರೀಕ್ಷೆಯೂ ಒಳ್ಳೆಯದೇ ಬಂತು, ಅಲ್‌ಹಮ್ದುಲಿಲ್ಲಾಹ್.

ಒಮ್ಮೆ ಅವರ ಜೊತೆ ನಾನೂ ಹೋದೆ. ಇದೆಲ್ಲ ಹೇಗೆ ಗೊತ್ತು ಅಂತ ಆ ಫಾರ್ಮಸಿಸ್ಟ್ ಹತ್ತಿರ ಕೇಳಿದೆ. “ಡಿಪ್ಲೊಮಾದಲ್ಲಿ ನಾವು ಕಲಿತದ್ದು ಮದ್ದನ್ನು. ತರಬೇತಿಗೆ ಹೋದಾಗ ಡಾಕ್ಟರ ಪಕ್ಕ ಕೂರಿಸಿ ರೋಗಿಯ ಮಾತು ಕೇಳಿಸಿದರು, ಅಲ್ಲಿ ಮನುಷ್ಯರನ್ನು ಕಲಿತೆ” ಅಂದರು.

ಈ ಮಾತು ಯೋಚಿಸುವಂಥದ್ದು. ಡಿ.ಫಾರ್ಮ ಅಂದರೆ ಎರಡು ವರ್ಷದ ಓದು, ಆಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿ. ಅಷ್ಟರಲ್ಲಿ ಎಲ್ಲ ರೋಗದ ಮದ್ದೂ ಬರಬೇಕು. ರೋಗಿಯ ಮಂಚದ ಬಳಿ ನಿಂತು ಕಲಿಯುವ ಕ್ಲಿನಿಕಲ್ ಫಾರ್ಮಸಿ ನಮ್ಮ ರಾಜ್ಯಕ್ಕೆ ಹೊಸತೇನಲ್ಲ, ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ 1990ರ ದಶಕದಲ್ಲೇ ಅದರ ಸ್ನಾತಕೋತ್ತರ ಓದು ಶುರುವಾಗಿತ್ತು. 2008ರಲ್ಲಿ ಆರು ವರ್ಷದ ಫಾರ್ಮ್.ಡಿ ಬಂತು, ಅದರ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಎಆರ್‌ಟಿ ಕೇಂದ್ರದವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಪ್ರತ್ಯೇಕ ತರಬೇತಿ ಕೊಡುತ್ತದೆ. ಯಾವ ಮದ್ದಿಗೆ ಯಾವುದು ಆಗುವುದಿಲ್ಲ ಅಂತ ನೋಡಲು ಲಿವರ್‌ಪೂಲ್ ವಿಶ್ವವಿದ್ಯಾಲಯದ ಪಟ್ಟಿಯನ್ನು ಲೋಕದ ಎಲ್ಲ ಕಡೆ ಬಳಸುತ್ತಾರೆ, ಅದನ್ನು ಮೊಬೈಲಿನಲ್ಲೇ ತೆರೆಯಬಹುದು.

ಗ್ಯಾಸಿನ ಸಿರಪ್ ಒಂದೇ ಅಲ್ಲ. ಟಿಬಿಗೆ ರಿಫಾಂಪಿಸಿನ್ ಕೊಡುವಾಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆ ಇದ್ದರೆ ಅದರ ಪ್ರಮಾಣಕ್ಕೆ ಮಿತಿ ಉಂಟು. ಫಿಟ್ಸಿಗೆ ಕೊಡುವ ಕಾರ್ಬಮಾಜೆಪಿನ್ ಈ ಮದ್ದಿನ ಬಲ ಕಡಿಮೆ ಮಾಡುತ್ತದೆ. ಎರಡನೇ ಹಂತದ ಚಿಕಿತ್ಸೆಯ ರಿಟೊನಾವಿರ್ ತಗೊಳ್ಳುವವರು ಮೈಗ್ರೇನಿಗೆ ಎರ್ಗೊಟಮಿನ್ ಮಾತ್ರೆ ನುಂಗಿದರೆ ಕೈಕಾಲಿನ ರಕ್ತ ಸಂಚಾರಕ್ಕೇ ಅಪಾಯ. ಇವೆಲ್ಲ ಎಆರ್‌ಟಿ ಕೇಂದ್ರದಲ್ಲಿ ಸಿಗುವ ಮದ್ದಲ್ಲ. ಕೆಲವು ಬೇರೆ ಡಾಕ್ಟರು ಬರೆದುಕೊಡುವುದು, ಕೆಲವು ಊರಿನ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಕೇಳಿ ತರುವುದು. ಹಾಗಾಗಿ ಈ ತರಬೇತಿ ಮೆಡಿಕಲ್ ಅಂಗಡಿಯವರಿಗೂ ಬೇಕು.

ತರಬೇತಿಯ ಇನ್ನರ್ಧ ಗುಟ್ಟು ಕಾಪಾಡುವುದು. ಇದೇ ಸಹೋದರ ಹಿಂದೊಮ್ಮೆ ಮಾತ್ರೆ ಮುಗಿದು ಪೇಟೆಯ ಒಂದು ಅಂಗಡಿಗೆ ಹೋಗಿದ್ದರಂತೆ. ಕೌಂಟರಿನವ ಚೀಟಿ ನೋಡಿ, “ಇದು ಏಡ್ಸಿನದ್ದಲ್ವಾ? ನಮ್ಮಲ್ಲಿಲ್ಲ” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವರು ಮತ್ತೆ ಆ ಬೀದಿಗೇ ಹೋಗಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ. ಕೆಲಸ, ಶಾಲೆ, ಚಿಕಿತ್ಸೆಯಲ್ಲಿ ಭೇದ ಮಾಡುವ ಹಾಗೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಮಾನತ್. ಕೌಂಟರಿನ ಆಚೆ ನಿಂತವ ತಲೆ ತಗ್ಗಿಸದೆ ಮಾತಾಡುವಂತೆ ಮಾಡುವುದೂ ಮದ್ದು ಕೊಟ್ಟಷ್ಟೇ ದೊಡ್ಡ ಕೆಲಸ.

ಓದುಗರಲ್ಲಿ ಇಂಥ ಮಾತ್ರೆ ತಗೊಳ್ಳುವವರಿದ್ದರೆ ಒಂದು ವಿನಂತಿ. ರಮಝಾನ್ ಬರುವ ಮೊದಲೇ ನಿಮ್ಮ ಕೇಂದ್ರಕ್ಕೆ ಹೋಗಿ, ಉಪವಾಸ ಹಿಡಿಯಬಹುದಾ ಅಂತ ಡಾಕ್ಟರ ಹತ್ತಿರ ಕೇಳಿ. ಸಮಯ ಹೇಗೆ ಬದಲಿಸುವುದು ಅಂತ ಫಾರ್ಮಸಿಸ್ಟ್ ಹತ್ತಿರ ಕೇಳಿ, ಬೇರೆ ಯಾವ ಮದ್ದು ತಗೊಂಡರೂ ಮುಚ್ಚಿಡದೆ ಹೇಳಿ. ಹೋಗಲು ಸಂಕೋಚವಾದರೆ 1097 ಉಚಿತ ಸಹಾಯವಾಣಿ ಉಂಟು. ಎಲ್ಲರಿಗೂ ಉಪವಾಸ ಆಗುವುದಿಲ್ಲ, ದೇಹ ತೀರಾ ಸೋತವರಿಗೆ ವಿನಾಯಿತಿ ಇರುವುದೇ ಅದಕ್ಕೆ. ಇನ್ನು ಮನೆಯವರು, ನೆರೆಯವರು, ಜಮಾಅತಿನವರು “ನೀನು ಯಾಕೆ ಉಪವಾಸ ಇಲ್ಲ?” ಅಂತ ಕೇಳುವುದನ್ನು ಬಿಟ್ಟರೆ ಅದೇ ದೊಡ್ಡ ಉಪಕಾರ. ಆ ಒಂದು ಪ್ರಶ್ನೆಗೆ ಹೆದರಿ ಒಬ್ಬ ಮನುಷ್ಯ ಒಂಬತ್ತು ದಿನ ಜೀವದ ಮದ್ದು ಬಿಟ್ಟಿದ್ದ.

ಈ ವಾರವೂ ಮದ್ರಸದ ಬಾಗಿಲಲ್ಲಿ ಒಬ್ಬರು ಕೇಳಿದರು: “ಉಸ್ತಾದೇ, ಒಂದು ಮಾತ್ರೆ ಉಂಟು, ಉಪವಾಸಕ್ಕೆ ಎಂತ ಮಾಡುವುದು?” ಈ ಸಲ ನಾನು ಮಸ್‌ಅಲ ಹೇಳುವ ಮೊದಲು ಅವರನ್ನು ಒಳಗೆ ಕರೆದು ಕೂರಿಸಿದೆ. “ಮದ್ದು ಕೊಡುವವರ ಹತ್ತಿರ ಕೇಳಿದ್ದೀರಾ?” ಅಂತ ಕೇಳಿದೆ.