ಗುರಿಗಾರನ ಬಂದೂಕು

ಅಫಜಲಪುರ, ಜೇವರ್ಗಿಗಳ ಭೀಮಾ ತೀರದಲ್ಲಿ ಜೋಳದ ತೆನೆಗೆ ಹಕ್ಕಿ ಕಾಯುವವನು ಕವಣೆಗೆ ಸಿಕ್ಕ ಕಲ್ಲನ್ನೆಲ್ಲ ಇಡುವುದಿಲ್ಲ. ಒಗ್ಗುವ ದುಂಡುಗಲ್ಲನ್ನೇ ಆಯುತ್ತಾನೆ. ಬಿಡಿಭಾಗಗಳನ್ನು ಆರಿಸಿ ಗುರಿಸ್ಪರ್ಧೆಯ ರೈಫಲನ್ನು ಕಟ್ಟಿಸಿಕೊಳ್ಳುವವನಿಗೂ ಈ ವಿವೇಕವೇ ಬೇಕು.

ಆಳಂದದ ಗಡಿಯಾಚೆಗಿನ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯ ಕಂಚನ್ನು ಗೆದ್ದುದು ವಾಚಕರಿಗೆ ನೆನಪಿರಬಹುದು. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 10.4 ಮಿಲಿಮೀಟರ್!

ಆಯ್ಕೆಯಲ್ಲಿ ನಳಿಗೆಯೇ ಮೊದಲು. ಅದರೊಳಗೆ ಕೊರೆದ ಸುರುಳಿಗೆರೆಗಳು .22 ರೈಫಲಿನಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೊಂದು ಸುತ್ತು ಬರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುವುದು ಅದರಿಂದ. ಆದರೆ ಎಷ್ಟು ಬೆಲೆ ತೆತ್ತರೂ, ಆ ನಳಿಗೆಗೆ ಯಾವ ತೋಟಾ ಒಪ್ಪುವುದೆಂದು ಮುಂದಾಗಿ ಹೇಳಬಲ್ಲವರಿಲ್ಲ. ಒಂದೇ ಕಾರ್ಖಾನೆಯ ಒಂದೇ ಹೆಸರಿನ ತೋಟಾಗಳಲ್ಲಿಯೂ ತಯಾರಿಕೆಯ ಕಂತಿನಿಂದ ಕಂತಿಗೆ ಅಂತರವುಂಟು. ಆದುದರಿಂದ ಬಲ್ಲವರು ನಳಿಗೆಯನ್ನು ಬಿಗಿಪಟ್ಟಿಗೆ ಸಿಕ್ಕಿಸಿ ಕಂತಿಗೆ ಹತ್ತರಂತೆ ಹಾರಿಸಿ ನೋಡುತ್ತಾರೆ. ರಂಧ್ರಗಳು ಒತ್ತಾಗಿ ಬಿದ್ದ ಕಂತನ್ನೇ ಕೈಲಾದಷ್ಟು ಕೊಳ್ಳುತ್ತಾರೆ. ಹಣ ಅಳತೆಯದಾದರೆ ಹೊಳೆಯುವ ಹಿಡಿಯ ವೆಚ್ಚವನ್ನು ಉಳಿಸಿ ತೋಟಾಕ್ಕೆ ಸುರಿಯುವುದೇ ಲೇಸು.

ಹಿಡಿಯು ಹೊಳೆಯಬೇಕಾಗಿಲ್ಲ, ಹೆಗಲಿಗೂ ಕೆನ್ನೆಗೂ ಹೊಂದಿಸಲು ಬಂದರೆ ಸಾಕು. ಟ್ರಿಗರ್ ಹಗುರಾಗಿದ್ದರಷ್ಟೇ ಸಾಲದು, ಪ್ರತಿಸಲವೂ ಒಂದೇ ಒತ್ತಿಗೆ ಬಿಡಬೇಕು.

ಇನ್ನು, ಸೈಕಲ್ಲಿನ ಬಿಡಿಭಾಗ ತರುವಂತೆ ಇದನ್ನು ತರುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಗೆ ಬಿಡಿ ನಳಿಗೆಯೂ ಆಯುಧವೇ. ಈ ಮೂರು ತಾಲ್ಲೂಕುಗಳವರು ಕಲಬುರಗಿಯ ಜಿಲ್ಲಾ ದಂಡಾಧಿಕಾರಿಗಳ ಪರವಾನಗಿ ಪಡೆದ ಮೇಲೆಯೇ ಬೆಲೆಪಟ್ಟಿ ಬಿಚ್ಚಬೇಕು. ಜೋಡಿಸುವ ಕಸುಬಿಗನಿಗೂ ಪರವಾನಗಿ ಇರಲೇಬೇಕು.