ನಾಯಿಮರಿ ಜೊತೆ ಕಾಡಿಗೆ ಹೊರಟಿರಾ?

ಅಮೆರಿಕದಲ್ಲಿರೋ ಮಗಳ ಮನೆಗೆ ಹೋಗಿದ್ದೀರಿ. ‘ಅಜ್ಜಿ, ನಾಯೀನೂ ಕರ್ಕೊಂಡು ಕಾಡಿಗೆ ಹೋಗೋಣ’ ಅಂತಾರೆ ಮೊಮ್ಮಕ್ಕಳು. ಹೊರಡೋ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಅದು ನ್ಯಾಷನಲ್ ಫಾರೆಸ್ಟೋ, ನ್ಯಾಷನಲ್ ಪಾರ್ಕೋ? ಎರಡೂ ಒಂದೇ ಅಲ್ಲ. ಫಾರೆಸ್ಟ್‌ನ ಹೆಚ್ಚಿನ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿದೆ. ಯೊಸೆಮಿಟಿಯಂಥ ಪಾರ್ಕ್‌ನ ಬಹುತೇಕ ಕಾಲುದಾರಿಗಳಲ್ಲಿ ಇಲ್ಲ. ತಿಳಿಯದೆ ಹೋದರೆ ನಾಯಿಯನ್ನು ಕಾರಲ್ಲೇ ಬಿಡಬೇಕಾದೀತು. ಕಿಟಕಿ ಸ್ವಲ್ಪ ತೆರೆದಿಟ್ಟರೂ ಬಿಸಿಲಿಗೆ ಕಾರು ನಿಮಿಷಗಳಲ್ಲೇ ಕಾದು, ಪಾಪ, ಅದರ ಜೀವಕ್ಕೇ ಸಂಚಕಾರ!

ಫಾರೆಸ್ಟ್‌ನ ಕ್ಯಾಂಪ್ ಜಾಗಗಳಲ್ಲಿ ಚೈನು 6 ಅಡಿಗಿಂತ ಉದ್ದವಿರಬಾರದು. ಕುಡಿಯೋ ನೀರು, ಬಟ್ಟಲು, ಗಲೀಜು ಎತ್ತಲು ಕವರು ಮರೀಬೇಡಿ. ಮನೆಗೆ ಬಂದ ತಕ್ಷಣ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಹತ್ತಿದೆಯೇ ನೋಡಿ. ಆಮೇಲೆ ನಿಮ್ಮ ಕಾಫಿ!